ವೆನೆಟಿಗಳ ಸೋಲಿಗೆ ಗಾಳಿಯೂ ಕಾರಣ
ಕ್ರಿ.ಪೂ. 56ರ ಸಮುದ್ರ ಕಾಳಗದಲ್ಲಿ ರೋಮನ್ ಸೇನಾಪತಿ ಜೂಲಿಯಸ್ ಸೀಸರ್ ಎದುರು ವೆನೆಟಿ ಬುಡಕಟ್ಟು ಸೋತದ್ದಕ್ಕೆ ರೋಮನ್ನರ ಶಿಸ್ತೇ ಕಾರಣ ಅಂತ ನಾನು ಓದಿದ ಒಂದು ಲೇಖನ ಹೇಳುತ್ತದೆ. ಇದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಫ್ರಾನ್ಸಿನ ಬ್ರಿಟನಿ ಕರಾವಳಿಯ ಈ ಜನ ನುರಿತ ನಾವಿಕರು. ಅವರ ಓಕ್ ಮರದ ಹಡಗುಗಳು ರೋಮನ್ ಹಡಗು ಬಂದು ಗುದ್ದಿದರೂ ಜಗ್ಗುತ್ತಿರಲಿಲ್ಲ. ಆದರೆ ಚರ್ಮದ ಹಾಯಿ ಬಿಟ್ಟರೆ ಅವಕ್ಕೆ ಬೇರೆ ಗತಿ ಇರಲಿಲ್ಲ. ರೋಮನ್ನರು ಉದ್ದ ಕೋಲಿಗೆ ಹರಿತವಾದ ಕೊಕ್ಕೆ ಕಟ್ಟಿ ಹಾಯಿಯ ಹಗ್ಗಗಳನ್ನೇ ಕತ್ತರಿಸಿದರು. ಆ ಜಾಣತನ ಮೆಚ್ಚಲೇಬೇಕು. ಉಳಿದ ಹಡಗುಗಳು ತಪ್ಪಿಸಿಕೊಳ್ಳಲು ಹೊರಟಾಗ ಗಾಳಿಯೇ ನಿಂತುಹೋಯಿತು. ಗಾಳಿ ಬೀಸಿದ್ದರೆ ಎಷ್ಟೋ ಹಡಗು ಪಾರಾಗುತ್ತಿದ್ದವು, ಅಲ್ವಾ?

ಈ ಬುಡಕಟ್ಟಿನ ಬೆನ್ನು ಮುರಿದದ್ದು ಸೋಲಿಗಿಂತ ಜಾಸ್ತಿ ಆಮೇಲಿನ ಶಿಕ್ಷೆ. ಲೇಖನ ಅದನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದು ಬೇಸರವಾಯಿತು. ಶರಣಾದ ಮೇಲೂ ಸೀಸರ್ ಅವರ ಹಿರಿಯರ ಸಭೆಯವರನ್ನೆಲ್ಲ ಕೊಲ್ಲಿಸಿದ, ಉಳಿದವರನ್ನು ಗುಲಾಮರಾಗಿ ಮಾರಿಸಿದ.