ಮಿತವ್ಯಯದ ರಾಕೆಟ್ಟೂ ಸುಟ್ಟುಹೋಗುವ ಸರಕೂ

ಫ್ಲಾರಿಡಾದ ತೀರದಿಂದ ಸ್ಪೇಸ್‌ಎಕ್ಸ್ ಕಂಪನಿಯ ಮತ್ತೊಂದು ಫಾಲ್ಕನ್ 9 ರಾಕೆಟ್ ಇಂಟರ್‌ನೆಟ್ ಒದಗಿಸುವ ಇಪ್ಪತ್ತು ಚಿಲ್ಲರೆ ಸ್ಟಾರ್‌ಲಿಂಕ್ ಉಪಗ್ರಹಗಳನ್ನು ಹೊತ್ತು ಹಾರಿದೆ, ಅದರ ಮೊದಲ ಹಂತ, ಅಂದರೆ ಕೆಳಭಾಗ, ಎಂದಿನಂತೆ ಸಮುದ್ರದ ನಡುವಿನ ತೇಲುವೇದಿಕೆಯ ಮೇಲೆ ಬಂದು ನಿಂತಿದೆ, ಸುದ್ದಿವಾಚಕರು ಎಂದಿನಂತೆ ಬೆರಗಾಗಿದ್ದಾರೆ. 2024ರಲ್ಲಿ ಈ ರಾಕೆಟ್ 130ಕ್ಕೂ ಹೆಚ್ಚು ಬಾರಿ ಹಾರಿತು. ಅಂದರೆ ಹೆಚ್ಚುಕಡಿಮೆ ಮೂರು ದಿನಕ್ಕೊಮ್ಮೆ ಬೆರಗಾಗಬೇಕಾದ ಹೊಣೆ ಮನುಕುಲದ ಹೆಗಲೇರಿದೆ.

ಬೆರಗಿಗೆ ಕಾರಣವಿಲ್ಲವೆಂದು ಹೇಳಿದರೆ ಅದು ಹೊಟ್ಟೆಕಿಚ್ಚಿನ ಮಾತಾದೀತು. ಹಾರಿದ ಎಂಟೂವರೆ ನಿಮಿಷಗಳಲ್ಲಿ ಹಿಂದಿರುಗಿ, ಕೊನೆಯ ಕ್ಷಣದಲ್ಲಿ ನಾಲ್ಕು ಕಾಲುಗಳನ್ನು ಬಿಚ್ಚಿ, ಒಂದು ಎಂಜಿನ್ನಿನ ಉರಿಯ ಮೇಲೆ ಭಾರವನ್ನೆಲ್ಲ ಹಿಡಿದು ನಿಲ್ಲುವ ಆ ಕೊಳವೆ, ಬಿಳಿಯ ಬಣ್ಣವೆಲ್ಲ ಸೀಮೆಎಣ್ಣೆಯ ಮಸಿಗೆ ಕಪ್ಪಾಗಿದ್ದರೂ, ಮತ್ತೆ ಹಾರಲು ತಯಾರಾಗುತ್ತದೆ. 2015ರ ಡಿಸೆಂಬರ್‌ನಲ್ಲಿ ಮೊದಲ ಬಾರಿಗೆ ಇಳಿದಾಗ ಪವಾಡವೆನಿಸಿದ್ದು, 2017ರಲ್ಲಿ ಬಳಸಿದ ಹಂತವೇ ಮತ್ತೆ ಹಾರಿದಾಗ ವ್ಯಾಪಾರವಾಯಿತು, ಈಗ ದಿನಚರಿಯಾಗಿದೆ.

ತೇಲುವೇದಿಕೆಗಳ ಹೆಸರುಗಳೂ ಗಮನಾರ್ಹ. ಒಂದಕ್ಕೆ ‘ಆಫ್ ಕೋರ್ಸ್ ಐ ಸ್ಟಿಲ್ ಲವ್ ಯೂ’ ಎಂದು ಹೆಸರು, ಇನ್ನೊಂದಕ್ಕೆ ‘ಜಸ್ಟ್ ರೀಡ್ ದಿ ಇನ್‌ಸ್ಟ್ರಕ್ಷನ್ಸ್’ ಎಂದು. ಪ್ರೀತಿ ಮೊದಲ ಹಂತಕ್ಕೆ, ಸೂಚನೆಗಳನ್ನು ಓದಿಕೊಳ್ಳುವ ಕೆಲಸ ಉಳಿದವರಿಗೆ. ಜಗತ್ತಿನ ಮೂಲೆಮೂಲೆಗೂ ಅಡೆತಡೆಯಿಲ್ಲದ ಇಂಟರ್‌ನೆಟ್ ಹಂಚುವೆನೆಂದು ಹೊರಟ ಕಂಪನಿಯ ನೇರ ಪ್ರಸಾರ, ರಾಕೆಟ್ ವೇದಿಕೆಯನ್ನು ಮುಟ್ಟುವ ಸರಿಯಾದ ಕ್ಷಣಕ್ಕೇ ಸ್ತಬ್ಧವಾಗುವುದನ್ನು ನಾವು ಎಷ್ಟೋ ವರ್ಷ ಭಕ್ತಿಯಿಂದ ನೋಡಿದ್ದೇವೆ. ಎಂಜಿನ್ನಿನ ಅಬ್ಬರಕ್ಕೆ ಆಂಟೆನಾ ಅದುರಿ ಸಂಪರ್ಕ ಕಡಿಯುತ್ತದೆಂಬ ವಿವರಣೆಯಲ್ಲಿ ತಪ್ಪೇನಿಲ್ಲ. ಆದರೆ ಸಂಪರ್ಕ ತಪ್ಪುವುದು ಕ್ಯಾಮೆರಾಕ್ಕೆ ಮಾತ್ರವಲ್ಲ. 2019ರ ಸೆಪ್ಟೆಂಬರ್‌ನಲ್ಲಿ ಐರೋಪ್ಯ ಬಾಹ್ಯಾಕಾಶ ಸಂಸ್ಥೆ ಗಾಳಿಯನ್ನು ಅಳೆಯುವ ತನ್ನ ಈಯೊಲಸ್ ಉಪಗ್ರಹವನ್ನು ಒಂದು ಸ್ಟಾರ್‌ಲಿಂಕ್‌ನ ದಾರಿಯಿಂದ ಪಕ್ಕಕ್ಕೆ ಸರಿಸಬೇಕಾಯಿತು. ಡಿಕ್ಕಿಯ ಸಂಭವ ಹೆಚ್ಚಿದೆಯೆಂಬ ಮುಂದಿನ ಎಚ್ಚರಿಕೆ ತಮ್ಮ ಸಿಬ್ಬಂದಿಯ ಕಣ್ಣಿಗೆ ಬೀಳಲಿಲ್ಲವೆಂದೂ, ಕರೆ ಮುಟ್ಟಿಸುವ ವ್ಯವಸ್ಥೆಯಲ್ಲಿ ದೋಷವಿತ್ತೆಂದೂ ಸ್ಪೇಸ್‌ಎಕ್ಸ್ ಆಮೇಲೆ ತಿಳಿಸಿತು. ಭೂಗೋಳಕ್ಕೆಲ್ಲ ಸಂದೇಶ ಸಾಗಿಸಲು ಹೊರಟವರಿಗೆ ತಮಗೇ ಬಂದ ಒಂದು ಸಂದೇಶ ಮುಟ್ಟಲಿಲ್ಲ. ಇದಕ್ಕಿಂತ ಹೆಚ್ಚಿನ ವಿಡಂಬನೆಯನ್ನು ಅಂಕಣಕಾರನಾದವನು ಹೊಸೆಯಲಾರ.

ಮಿತವ್ಯಯದ ಮಾತಿಗೆ ಬರೋಣ. ಕೆಳಗಿನ ಹಂತ ಮರಳಿ ಬರುತ್ತದೆ, ಮೂತಿಯ ಕವಚದ ಎರಡು ಹೋಳುಗಳನ್ನೂ ಸಮುದ್ರದಿಂದ ಎತ್ತಿ ತರುತ್ತಾರೆ, ಆದರೆ ಎರಡನೆಯ ಹಂತ ಪ್ರತಿ ಬಾರಿಯೂ ಹೊಸದು, ಪ್ರತಿ ಬಾರಿಯೂ ಬಲಿ. ಅದು ಮೇಲೆ ಬಿಟ್ಟುಬರುವ ಉಪಗ್ರಹಗಳ ಆಯುಸ್ಸು ಸುಮಾರು ಐದು ವರ್ಷ. ಆಮೇಲೆ ಅವು ವಾಯುಮಂಡಲಕ್ಕಿಳಿದು ಸುಟ್ಟುಹೋಗುವಂತೆಯೇ ರಚಿತವಾಗಿವೆ. ಬಂಡಿಯನ್ನು ಜತನದಿಂದ ಹಿತ್ತಲಿಗೆ ತಂದು ಕಟ್ಟಿ, ಅದು ಹೊತ್ತೊಯ್ದ ಸರಕಿಗೆ ಬೆಂಕಿಯಿಟ್ಟು, ನೋಡಿ ಎಂಥ ಉಳಿತಾಯವೆಂದು ಊರಿಗೆಲ್ಲ ಸಾರುವ ಈ ಗೃಹಕೃತ್ಯಕ್ಕೆ ನಾವು ಚಪ್ಪಾಳೆ ತಟ್ಟುತ್ತಿದ್ದೇವೆ. ಬಂಡಿಯ ಬಾಡಿಗೆ ಇಳಿದದ್ದರಿಂದಲೇ ಸುಡುವ ಸರಕು ಸಾವಿರಗಟ್ಟಲೆಗೆ ಏರಿತೆಂಬ ಲೆಕ್ಕವನ್ನು ಮಾತ್ರ ಚಪ್ಪಾಳೆಯ ಸದ್ದಿನಲ್ಲಿ ಯಾರೂ ಹಾಕುವುದಿಲ್ಲ.

2022ರ ಫೆಬ್ರವರಿಯಲ್ಲಿ ಸೂರ್ಯನೂ ಈ ಕಾರ್ಯದಲ್ಲಿ ಕೈಜೋಡಿಸಿದ. 49 ಉಪಗ್ರಹಗಳು ಕೆಳಗಿನ ಕಕ್ಷೆ ಸೇರಿದ ಮರುದಿನವೇ ಭೂಕಾಂತೀಯ ಚಂಡಮಾರುತದಿಂದ ಮೇಲಿನ ವಾಯು ದಟ್ಟವಾಗಿ, ಅವುಗಳಲ್ಲಿ ಸುಮಾರು 40 ಸುಟ್ಟು ಮುಗಿದವು. ಚೂರೂ ನೆಲಕ್ಕೆ ಬೀಳದಂತೆ ರಚಿಸಿದ್ದೇವೆಂಬ ಸಮಾಧಾನ ಕೂಡಲೇ ದೊರೆಯಿತು. ನೆಲಕ್ಕೆ ಬೀಳದ್ದು ಎಲ್ಲಿಗೆ ಹೋಯಿತೆಂದು ಕೇಳುವುದು ಒರಟುತನವಿರಬಹುದು, ಆದರೂ ಕೆಲವು ವಿಜ್ಞಾನಿಗಳು ವಿಮಾನವೇರಿ ಹೋಗಿ ನೋಡಿದರು. ವಾಯುಮಂಡಲಕ್ಕೆ ಮರಳಿ ಸುಟ್ಟ ರಾಕೆಟ್ ಮತ್ತು ಉಪಗ್ರಹಗಳ ಅಲ್ಯೂಮಿನಿಯಂ ಮುಂತಾದ ಲೋಹಗಳು ಸ್ತರಗೋಳವೆಂಬ ಮೇಲಿನ ವಾಯುಪದರದ ಗಂಧಕಾಮ್ಲದ ದೊಡ್ಡ ಕಣಗಳಲ್ಲಿ ಸುಮಾರು ಶೇಕಡಾ 10ರಷ್ಟರಲ್ಲಿ ಸೇರಿಕೊಂಡಿವೆಯೆಂದು 2023ರಲ್ಲಿ ಪ್ರಕಟಿಸಿದರು. ಓಝೋನ್ ಪದರ ಇರುವುದೂ ಅಲ್ಲಿಯೇ.

ಖಗೋಳಜ್ಞರ ದೂರಿಗಾದರೂ ಕಂಪನಿ ಕಿವಿಗೊಟ್ಟಿತೆಂಬುದನ್ನು ಹೊಗಳಲೇಬೇಕು. ಉಪಗ್ರಹಗಳು ದೂರದರ್ಶಕದ ಚಿತ್ರಗಳ ಮೇಲೆ ಬಿಳಿಯ ಗೀರು ಎಳೆಯುತ್ತವೆಂದು ಅವರು ಗೋಳಾಡಿದಾಗ, 2020ರಲ್ಲಿ ಒಂದು ಉಪಗ್ರಹಕ್ಕೆ ಕಪ್ಪು ಬಳಿದು ನೋಡಲಾಯಿತು, ಆಮೇಲೆ ಬಿಸಿಲು ತಡೆಯಲು ಕೊಡೆಗಳನ್ನು ಕಟ್ಟಲಾಯಿತು. ಉಪಗ್ರಹಗಳು ತಮ್ಮತಮ್ಮಲ್ಲಿ ಲೇಸರ್ ಕಿರಣಗಳಿಂದ ಮಾತಾಡತೊಡಗಿದಾಗ ಕೊಡೆ ಅಡ್ಡ ಬಂತು. ಮಾತು ಉಳಿಯಿತು, ಕೊಡೆ ಹೋಯಿತು.

ಇಷ್ಟರಲ್ಲಿ ನಗು ಸಾಕಾಗುತ್ತದೆ. 2025ರ ಫೆಬ್ರವರಿಯಲ್ಲಿ ಉಪಗ್ರಹಗಳನ್ನು ಬಿಟ್ಟ ಒಂದು ಎರಡನೆಯ ಹಂತ, ದ್ರವ ಆಮ್ಲಜನಕ ಸೋರಿ, ಹೇಳಿದ ಕಡೆ ಬೀಳಲಾಗದೆ, ತನ್ನ ಪಾಡಿಗೆ ತಾನು ಯುರೋಪಿನ ಮೇಲೆ ಉರಿದುಬಂತು. ಆಳುದ್ದದ ಸುಟ್ಟ ಟ್ಯಾಂಕೊಂದು ಪೋಲೆಂಡಿನ ಪೊಜ್ನಾನ್ ಬಳಿ ಗೋದಾಮೊಂದರ ಅಂಗಳದಲ್ಲಿ ಸಿಕ್ಕಿತು. ಯಾರಿಗೂ ಪೆಟ್ಟಾಗಲಿಲ್ಲ. ಕೆಲಸ ಕಳೆದುಕೊಂಡವರು ಪೋಲೆಂಡಿನ ಬಾಹ್ಯಾಕಾಶ ಸಂಸ್ಥೆಯ ಮುಖ್ಯಸ್ಥರು. ಕಸ ಎಸೆದವರು ಮುಂದಿನ ಹಾರಾಟದ ಎಣಿಕೆಗೆ ಕುಳಿತರು, ಕಸ ಬಿದ್ದ ದೇಶ ತನ್ನವರನ್ನೇ ಮನೆಗೆ ಕಳುಹಿಸಿತು.

ಈ ಇಂಟರ್‌ನೆಟ್‌ನಿಂದ ಪ್ರಯೋಜನವಿಲ್ಲವೆಂದು ಯಾರೂ ವಾದಿಸುತ್ತಿಲ್ಲ. ಹಡಗಿಗೂ, ತಂತಿ ತಲುಪದ ಊರಿಗೂ, ಯುದ್ಧದಲ್ಲಿ ಗೋಪುರಗಳು ಉರುಳಿದ ನಾಡಿಗೂ ಅದು ಆಸರೆಯಾಗಿದೆ. ಬಾಹ್ಯಾಕಾಶದ ಅನ್ವೇಷಣೆಯೂ ಬಳಕೆಯೂ ಇಡೀ ಮನುಕುಲದ್ದೆಂದು 1967ರ ಬಾಹ್ಯಾಕಾಶ ಒಪ್ಪಂದ ಹೇಳಿದೆ. ಅಲ್ಲಿ ಸಾವಿರಾರು ಉಪಗ್ರಹಗಳನ್ನು ಹರಡಲು ಅಮೆರಿಕದ ಒಂದು ಸಂಪರ್ಕ ಆಯೋಗದ ಅನುಮತಿ ಸಾಕಾಯಿತು, ಆ ಆಯೋಗವೂ ಉಪಗ್ರಹಗಳನ್ನು ಪರಿಸರ ಪರಿಶೀಲನೆಯಿಂದ ಸಾರಾಸಗಟಾಗಿ ಹೊರಗಿಟ್ಟು ಅನುಮತಿ ಕೊಟ್ಟಿತು. ತಲೆಯೆತ್ತಿ ಆಕಾಶ ನೋಡುವ ಯಾರನ್ನೂ ಯಾರೂ ಒಂದು ಮಾತು ಕೇಳಲಿಲ್ಲ. ಕೇಳಬೇಕೆಂದು ಅನ್ನಿಸಲೂ ಇಲ್ಲ.

ಮುಂದೆ ಅದೇ ಕಂಪನಿಯ ದೊಡ್ಡ ರಾಕೆಟ್ ಸ್ಟಾರ್‌ಶಿಪ್ ಬರಲಿದೆ, ಅದರಲ್ಲಿ ಎರಡೂ ಹಂತಗಳು ಹಿಂದಿರುಗುತ್ತವಂತೆ. ಮೊದಲ ತಲೆಮಾರಿನಲ್ಲಿ ಸುಮಾರು 260 ಕಿಲೋ ತೂಗುತ್ತಿದ್ದ ಉಪಗ್ರಹ ಈಗಾಗಲೇ ಎರಡು ಪಟ್ಟಿಗೂ ಮಿಕ್ಕಿ ಬೆಳೆದಿದೆ. ದೊಡ್ಡ ರಾಕೆಟ್ಟಿಗೆ ತಕ್ಕಂತೆ ಇನ್ನೂ ಬೆಳೆಸುವ ಯೋಜನೆಯಿದೆ. ಆಗ ರಾಕೆಟ್ಟಿನ ಒಂದು ತಿರುಪೂ ಪೋಲಾಗದು, ಸುಡುವುದಕ್ಕೆ ಹಿಂದೆಂದಿಗಿಂತ ಹೆಚ್ಚು ಲೋಹವೂ ಮೇಲೆ ಸಿದ್ಧವಾಗಿರುತ್ತದೆ.