ಬಿಡಲಾಗದ ಸೀಟು

ಹೋದ ಬೇಸಿಗೆಯಲ್ಲಿ ಇಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆಯ ನಮ್ಮ ಪಕ್ಕದ ಮನೆಯವರು ಊಟಕ್ಕೆ ಕರೆದಿದ್ದರು. ಅವರ ಮಗಳು ಮೆಕ್ಯಾನಿಕಲ್ ಎಂಜಿನಿಯರಿಂಗ್ ಎರಡನೇ ವರ್ಷ. ಅಪ್ಪ ಬಾಲ್ಕನಿಯಲ್ಲಿ ಸಾಸೇಜ್ ಸುಡುತ್ತಿದ್ದರು. ಹುಡುಗಿ ಬ್ರೆಡ್ ಹೆಚ್ಚುತ್ತಾ, "ಅಕ್ಟೋಬರ್‌ನಿಂದ ಫ್ರೈಬುರ್ಗ್‌ಗೆ ಹೋಗ್ತೀನಿ, ಅರಣ್ಯಶಾಸ್ತ್ರ ಓದೋಕೆ" ಎಂದಳು. ಈಗ ಶುರುವಾಗುತ್ತೆ ರಾಮಾಯಣ ಅಂದುಕೊಂಡು ನಾನು ತಟ್ಟೆ ಹಿಡಿದು ಹಾಗೇ ನಿಂತೆ. ಅಪ್ಪ ಇಕ್ಕಳದಿಂದ ಸಾಸೇಜ್ ಮಗುಚಿ ಕೇಳಿದ್ದು ಒಂದೇ ಮಾತು: "ಗಣಿತದ ಕ್ರೆಡಿಟ್ ಅಲ್ಲಿ ಲೆಕ್ಕಕ್ಕೆ ತಗೋತಾರಾ?" ಸ್ವಲ್ಪ ತಗೋತಾರಂತೆ. ಅಷ್ಟೇ, ಮಾತು ಫುಟ್‌ಬಾಲ್ ಕಡೆ ಹೋಯಿತು.

ನನಗೆ 2002 ನೆನಪಾಯಿತು. ಸಿಇಟಿಯಲ್ಲಿ ಇನ್‌ಸ್ಟ್ರುಮೆಂಟೇಶನ್ ಸಿಕ್ಕಿತ್ತು. ಮೊದಲ ವರ್ಷದಲ್ಲೇ ಇದು ನನ್ನದಲ್ಲ ಅನ್ನಿಸಿತು. ಬಿಎಸ್ಸಿ ಭೂಗರ್ಭಶಾಸ್ತ್ರ ಓದುವ ಆಸೆ. ಅಪ್ಪನನ್ನು ಒಪ್ಪಿಸಿ ಕಾಲೇಜಿಗೆ ಕರೆದುಕೊಂಡು ಹೋದೆ. ಆಫೀಸಿನಲ್ಲಿ ಗುಮಾಸ್ತರು, "ಪಿಯುಸಿ ಮಾರ್ಕ್ಸ್ ಕಾರ್ಡ್ ಬೇಕಾದರೆ ಉಳಿದ ಮೂರು ವರ್ಷದ ಫೀಸು ಕಟ್ಟಿ" ಎಂದರು. ಅಪ್ಪ ಎರಡು ಸಲ ಕೇಳಿ ಖಚಿತ ಮಾಡಿಕೊಂಡರು. ಆಮೇಲೆ ಬಸ್‌ಸ್ಟ್ಯಾಂಡ್ ಪಕ್ಕದ ಹೋಟೆಲಿನಲ್ಲಿ ಇಡ್ಲಿ ಕೊಡಿಸಿ, "ಮೂರು ವರ್ಷ ತಾನೇ, ಹೆಂಗೋ ಕಳೀತವೆ ಬಿಡು" ಎಂದರು. ಕಳೆದವು.

ಜರ್ಮನ್ ಮಕ್ಕಳಿಗೆ ಧೈರ್ಯ ಜಾಸ್ತಿ, ನಮ್ಮವರಿಗೆ ಅಂಜಿಕೆ ಎಂದು ಇಲ್ಲಿನ ಕನ್ನಡ ಗೆಳೆಯರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಕೋರ್ಸ್ ಬದಲಿಸುವುದಕ್ಕೆ ಜರ್ಮನಿಯಲ್ಲಿ ಫಾಖ್‌ವೆಕ್ಸೆಲ್ ಎಂಬ ಸಾದಾ ಪದವಿದೆ. ಎಷ್ಟೋ ಕೋರ್ಸುಗಳಿಗೆ ಪೈಪೋಟಿಯೇ ಇಲ್ಲ, ಹೆಸರು ಬರೆಸಿದರೆ ಸಾಕು. ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಆ ಹುಡುಗಿ ಸೆಮಿಸ್ಟರ್‌ಗೆ ಕಟ್ಟುವುದು ಸುಮಾರು 200 ಯೂರೋ. ಕಳೆದುಕೊಳ್ಳುವುದು ಕಡಿಮೆ ಇದ್ದಾಗ ಧೈರ್ಯ ತಾನಾಗೇ ಬರುತ್ತದೆ, ಅಲ್ವಾ?

ನಮ್ಮಲ್ಲಿ ಹಾಗಲ್ಲ. ಕೋರ್ಸ್ ಅನ್ನುವುದೇ ಇಲ್ಲ, 'ಸೀಟು' ಅನ್ನುತ್ತೇವೆ. ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಹಿಡಿದ ಸೀಟಿನ ಹಾಗೆ. ಎದ್ದರೆ ಹೋಯಿತು, ಮತ್ತೆ ಕ್ಯೂ. ವಿಟಿಯುನಲ್ಲಿ ಒಂದು ವರ್ಷ ಮುಗಿದ ಮೇಲೆ ಬ್ರ್ಯಾಂಚ್ ಬದಲಿಸಲು ದಾರಿಯೇನೋ ಇದೆ. ಆದರೆ ಆ ಬ್ರ್ಯಾಂಚಿನಲ್ಲಿ ಸೀಟು ಖಾಲಿ ಇರಬೇಕು, ಅಂಕವೂ ಚೆನ್ನಾಗಿರಬೇಕು. ವಿಷಯ ಒಗ್ಗದೆ ಒದ್ದಾಡುವವನಿಗೆ ಬದಲಾವಣೆ ಬೇಕು, ಸಿಗುವುದು ಮಾರ್ಕ್ಸ್ ತೆಗೆದವನಿಗೆ!

ಮೂಲ ದಾಖಲೆ ಹಿಡಿದಿಟ್ಟುಕೊಳ್ಳಬಾರದು ಎಂದು ಯುಜಿಸಿ 2018ರಲ್ಲೇ ಹೇಳಿದೆ. 2021ರಲ್ಲಿ ಕರ್ನಾಟಕ ಹೊಸ ಶಿಕ್ಷಣ ನೀತಿ ತಂದಾಗ, ನಡುವೆ ಬಿಟ್ಟು ಮತ್ತೆ ಸೇರಬಹುದು ಎಂದರು. 2024ರಲ್ಲಿ ಆ ನೀತಿ ಕೈಬಿಟ್ಟು, ನಾಲ್ಕು ವರ್ಷದ ಪದವಿಯನ್ನು ವಾಪಸ್ ಮೂರು ವರ್ಷಕ್ಕೆ ತಂದರು. ನಮ್ಮಲ್ಲಿ ಕೋರ್ಸ್ ಬದಲಿಸುವುದು ಸರ್ಕಾರಕ್ಕೆ ಮಾತ್ರ ಸುಲಭ.

ಹಾಗಂತ ಇಲ್ಲಿ ಜರ್ಮನಿಯಲ್ಲಿ ಎಲ್ಲವೂ ಮೆತ್ತಗಿಲ್ಲ. ಬಹಳ ಕಡೆ ಕಡ್ಡಾಯ ಪರೀಕ್ಷೆಗೆ ಮೂರೇ ಅವಕಾಶ. ಮೂರನೆಯದೂ ಹೋದರೆ ಅದೇ ಕೋರ್ಸನ್ನು ಸಾಮಾನ್ಯವಾಗಿ ದೇಶದ ಬೇರೆ ವಿಶ್ವವಿದ್ಯಾಲಯದಲ್ಲೂ ಓದುವಂತಿಲ್ಲ. ನಮ್ಮಲ್ಲಿ ಬ್ಯಾಕ್ ಇಟ್ಟುಕೊಂಡು ವರ್ಷಗಟ್ಟಲೆ ಎಳೆಯಬಹುದು, 'ಗೋಲ್ಡನ್ ಚಾನ್ಸ್' ಸುತ್ತೋಲೆ ಬೇರೆ ಬರುತ್ತದೆ. ಇಲ್ಲಿ ಬೇಗ ಬಿಡಿಸುತ್ತಾರೆ, ಅಲ್ಲಿ ಬಿಡುವುದೇ ಇಲ್ಲ. ಇಪ್ಪತ್ತರ ವಯಸ್ಸಿಗೆ ಬೇಗ ಬಿಡಿಸುವುದೇ ವಾಸಿ ಎಂದು ನನ್ನ ಲೆಕ್ಕ.

ಊರಿಂದ ಬರುವ ನಮ್ಮ ಹುಡುಗರಿಗೆ ಮಾತ್ರ ಇಲ್ಲೂ ಅಷ್ಟು ಸಲೀಸಲ್ಲ. ನಾನಿರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಯುರೋಪ್ ಒಕ್ಕೂಟದ ಹೊರಗಿನವರಿಗೆ 2017ರಿಂದ ಸೆಮಿಸ್ಟರ್‌ಗೆ 1,500 ಯೂರೋ ಫೀಸು. ಕೋರ್ಸ್ ಬದಲಿಸುವುದಾದರೆ ವೀಸಾ ಕಚೇರಿಗೂ ಲೆಕ್ಕ ಕೊಡಬೇಕು.

ಮೊನ್ನೆ ತುಮಕೂರಿನಿಂದ ಅಕ್ಕನ ಮಗ ಫೋನ್ ಮಾಡಿದ್ದ. ಕಂಪ್ಯೂಟರ್ ಸೈನ್ಸ್ ಎರಡನೇ ವರ್ಷ. "ಮಾಮ, ನಂಗೆ ಎಕನಾಮಿಕ್ಸ್ ಓದ್ಬೇಕು. ಅಪ್ಪಂಗೆ ನೀವೇ ಹೇಳಿ" ಎಂದ. ಯೋಚಿಸಿದೀಯಾ, ಮುಂದೇನು ಮಾಡ್ತೀಯ ಎಂದೆಲ್ಲ ಬಾಯಿ ತುದಿಗೆ ಬಂತು. ತಡೆದುಕೊಂಡು ಕೇಳಿದೆ.

"ಮಾರ್ಕ್ಸ್ ಕಾರ್ಡ್ ಒರಿಜಿನಲ್ ಎಲ್ಲಿದೆಯೋ?"

"ಕಾಲೇಜಲ್ಲೇ ಇದೆ ಮಾಮ."