ಹೊಸ ಫೋನ್ ತಗೊಂಡೆ, ಕ್ಯಾಮೆರಾ ನೋಡಲಿಲ್ಲ

ಹೋದ ತಿಂಗಳು ನನ್ನ ಫೋನ್ ಅಂಗಡಿ ಮುಂದಿನ ನೀರಿನ ಡ್ರಮ್ಮಿಗೆ ಬಿತ್ತು. ಒರೆಸಿ, ಎರಡು ದಿನ ಅಕ್ಕಿ ಡಬ್ಬದಲ್ಲಿ ಹೂತಿಟ್ಟೆ. ಏಳಲಿಲ್ಲ. ಬೋರ್ಡ್ ಹೋಗಿದೆ ಅಂದ ರಿಪೇರಿಯವನು. ಫೋನ್ ಹಳೇದು, ಹೋಗಲಿ. ಆದರೆ ಅದರೊಳಗೆ ಸಾವಿರಕ್ಕೂ ಜಾಸ್ತಿ ನಂಬರ್ ಇತ್ತು.

ತುಮಕೂರಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟವನಿಗೆ ನಂಬರೂ ಬಂಡವಾಳವೇ. ಗಾರೆ ಮೇಸ್ತ್ರಿ, ಪ್ಲಂಬರ್, ಟೆಂಪೋದವರು, ಬೆಂಗಳೂರು ಎಸ್‌ಜೆಪಿ ರಸ್ತೆಯ ಹೋಲ್‌ಸೇಲಿನವರು, ಬಾಕಿ ಇಟ್ಟ ಗಿರಾಕಿಗಳು. ಮಿಕ್ಕವರೆಲ್ಲ ಒಂದಲ್ಲ ಒಂದು ದಿನ ತಾವೇ ಫೋನ್ ಮಾಡುತ್ತಾರೆ. ಬಾಕಿಯವರು ಮಾಡಲ್ಲ ಅಲ್ವಾ!

ಸಿಮ್‌ನಲ್ಲಿ ಒಂದಷ್ಟು ಉಳಿದಿತ್ತು. ಸಾಮಾನ್ಯವಾಗಿ ಸಿಮ್‌ನಲ್ಲಿ 250 ನಂಬರ್ ಹಿಡಿದರೆ ದೊಡ್ಡದು. ಹೆಸರಿಗೂ ಜಾಗ ಕಮ್ಮಿ, ಉದ್ದ ಬರೆದರೆ ಬಾಲ ಕತ್ತರಿಸುತ್ತದೆ. ನನ್ನ ಹತ್ತಿರ ಸಿಕ್ಕಿದ್ದು ನಾಲ್ಕು ‘ಮಂಜುನಾಥ’. ಟೈಲ್ಸ್ ಹಾಕುವ ಗುಬ್ಬಿಯವರು ಯಾರು, ಶಿರಾದ ಪೇಂಟರ್ ಯಾರು, ದೇವರೇ ಬಲ್ಲ. ಒಂದು ನಂಬರಿಗೆ ಮಾಡಿ ‘ಅಣ್ಣ, ಟೈಲ್ಸ್ ಕೆಲಸ ಇದೆ’ ಅಂದರೆ, ಆ ಕಡೆಯಿಂದ ‘ನಾನು ನಿಮ್ಮ ಸೋಡಾದ ಮಂಜ ಕಣಣ್ಣ’ ಅಂತ ಬಂತು.

ಹೊಸ ಫೋನ್ ತರಲು ಅಕ್ಕನ ಮಗನನ್ನು ಕರೆದುಕೊಂಡು ಹೋದೆ. ಅವನು ‘ಮಾವ, ಇದರ ಕ್ಯಾಮೆರಾ ನೋಡಿ’ ಅಂತ ಒಂದೊಂದೇ ಎತ್ತಿ ತೋರಿಸುತ್ತಿದ್ದ. ನಾನು ಸಿಮಿನ ತಟ್ಟೆ ಎಳೆದು ನೋಡುತ್ತಿದ್ದೆ. ಕೆಲವು ಫೋನಲ್ಲಿ ಎರಡನೇ ಸಿಮ್ಮಿಗೂ ಮೆಮೊರಿ ಕಾರ್ಡಿಗೂ ಒಂದೇ ಜಾಗ. ಒಂದು ಹಾಕಿದರೆ ಇನ್ನೊಂದು ಇಲ್ಲ. ನನಗೆ ಮನೆಯದ್ದು ಒಂದು, ಬಿಲ್ ಬುಕ್ಕಿನಲ್ಲಿ ಅಚ್ಚು ಹಾಕಿಸಿರೋದು ಒಂದು, ಎರಡೂ ನಂಬರ್ ಬೇಕೇ ಬೇಕು.

ಆಮೇಲೆ ಫೋನ್ ಹಿಡಿದು ರಸ್ತೆಗೆ ಬಂದೆ. ಬಸ್ಸು ಹಾರ್ನ್ ಹೊಡೆಯುವಾಗ ಮಾತು ಕೇಳುತ್ತದಾ ಅಂತ ಹೆಂಡತಿಗೆ ಕರೆ ಮಾಡಿ ನೋಡಿದೆ. ನಮ್ಮ ಅಂಗಡಿ ಪಕ್ಕ ದಿನವಿಡೀ ಕಲ್ಲು ಕೊಯ್ಯುವ ಮಿಷಿನ್. ಮುಕ್ಕಾಲು ಇಂಚು ಅಂದದ್ದು ಒಂದೂಕಾಲು ಇಂಚು ಅಂತ ಕೇಳಿಸಿ ಒಂದು ಲೋಡ್ ಪೈಪು ವಾಪಸ್ ಬಂದದ್ದೂ ಉಂಟು. ಬೆರಳಚ್ಚಿನ ಲಾಕಿಗೆ ನಾನು ದುಡ್ಡು ಕೊಡಲ್ಲ. ಸಿಮೆಂಟ್, ಸುಣ್ಣ ಮುಟ್ಟಿ ಮುಟ್ಟಿ ಸವೆದ ಬೆರಳನ್ನು ಅದು ಹತ್ತು ಸಲಕ್ಕೆ ಒಂದು ಸಲ ಗುರುತು ಹಿಡಿದರೆ ಪುಣ್ಯ. ಬ್ಯಾಟರಿ ಮಾತ್ರ ರಾತ್ರಿ ಶಟರ್ ಎಳೆಯೋವರೆಗೂ ಇರಬೇಕು. ಕೊನೆಗೆ 12,000ದೊಳಗೆ ಮುಗಿಯಿತು.

ಇಷ್ಟೆಲ್ಲ ಇದ್ದರೂ ನಂಬರ್ ಎಲ್ಲಿ ಸೇವ್ ಆಗುತ್ತೆ ಅನ್ನೋದೇ ದೊಡ್ಡದು ಅಂತ ನನಗೆ ಡ್ರಮ್ಮು ಕಲಿಸಿತು. ಹೊಸ ನಂಬರ್ ಹಾಕುವಾಗ ಮೇಲ್ಗಡೆ ಚಿಕ್ಕದಾಗಿ ಬರುತ್ತದೆ: ಫೋನಾ, ಸಿಮ್ಮಾ, ಗೂಗಲ್ ಖಾತೆಯಾ? ಎಷ್ಟು ವರ್ಷ ಅದನ್ನು ನೋಡದೇ ಓಕೆ ಒತ್ತಿದ್ದೇನೆ! ಈಗ ಅಂಗಡಿ ಹೆಸರಲ್ಲೇ ಬೇರೆ ಜಿಮೇಲ್ ಮಾಡಿ ಎಲ್ಲ ಅದಕ್ಕೇ ಹಾಕುತ್ತಿದ್ದೇನೆ. ಫೋನ್ ನೀರಿಗೆ ಬೀಳಲಿ, ಕಳುವಾಗಲಿ, ಇನ್ನೊಂದರಲ್ಲಿ ಅದೇ ಖಾತೆ ತೆರೆದರೆ ನಂಬರ್ ಬಂದು ಕೂರುತ್ತವೆ. ಕೈತಪ್ಪಿ ಅಳಿಸಿದರೂ 30 ದಿನ ಕಸದ ಬುಟ್ಟಿಯಲ್ಲಿ ಇರುತ್ತದೆ.

ಹೆಸರು ಬರೆಯುವ ಕ್ರಮವನ್ನೂ ಬದಲಿಸಿದೆ. ಮೊದಲು ಕೆಲಸ, ಆಮೇಲೆ ಹೆಸರು, ಕೊನೆಗೆ ಊರು. ‘ಪ್ಲಂಬರ್ ರಾಜಣ್ಣ ಕುಣಿಗಲ್’. ಗಿರಾಕಿ ಕೌಂಟರಿನಲ್ಲಿ ನಿಂತು ‘ಕುಣಿಗಲ್ ಕಡೆ ಯಾರಾದರೂ ಇದ್ದಾರಾ?’ ಅಂದರೆ ಸಾಕು, ಊರಿನ ಹೆಸರು ಹುಡುಕಿದರೆ ಎಲ್ಲರೂ ಸಾಲಾಗಿ ನಿಲ್ಲುತ್ತಾರೆ.

ವಾಟ್ಸಾಪ್ ಬಿಸಿನೆಸ್ ಕೂಡ ಹಾಕಿಕೊಂಡೆ. ಬಾಕಿ, ಆರ್ಡರ್, ಮೇಸ್ತ್ರಿ ಅಂತ ಚೀಟಿ ಅಂಟಿಸಬಹುದು. ಆದರೆ ಒಂದೇ ಮೆಸೇಜನ್ನು ಎಷ್ಟೋ ಜನಕ್ಕೆ ಒಟ್ಟಿಗೆ ಕಳಿಸುವ ಬ್ರಾಡ್‌ಕಾಸ್ಟ್ ಪಟ್ಟಿ ಮಾಡಿ ಪೇಂಟಿನ ಹೊಸ ರೇಟು ಕಳಿಸಿದರೆ, ನಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಹೋಗುತ್ತದೆ. ‘ರೇಟು ಕಳಿಸಿದ್ದೆನಲ್ಲ’ ಅಂತ ಒಬ್ಬರ ಜೊತೆ ಸುಮ್ನೆ ಜಗಳ ಆಡಿದ ಮೇಲೆ ಗೊತ್ತಾಯಿತು.

ಅದಕ್ಕೇ ಈಗ ಒಂದು ಉಪಕಾರ ಮಾಡಿ. ನನ್ನ ನಂಬರ್ ಇರುವವರು ವಾಟ್ಸಾಪಿನಲ್ಲಿ ಒಂದು ಮೆಸೇಜ್ ಹಾಕಿ. ಬರೀ ‘ಹಾಯ್’ ಬೇಡ. ಕೆಲಸ, ಹೆಸರು, ಊರು ಮೂರೂ ಇರಲಿ. ‘ನಾನು ಮಂಜ’ ಅಂತ ಮಾತ್ರ ಕಳಿಸಿದವರು ಈಗಾಗಲೇ ಮೂವರಿದ್ದಾರೆ.